ಪುಟ್ಟ ಮಗುವಿನ ಜೊತೆ ಬಿಳಿಗಿರಿ ಬೆಟ್ಟ, ಬಂಡೀಪುರ: ಹೀಗೆ ಹೊರಡಿ

ಕಾಡಿಗೆ ಹೊರಡುವ ಮುಂಚೆ ಮಾಡಬೇಕಾದ ಮೊದಲ ಕೆಲಸ ಬುಕಿಂಗ್ ಅಲ್ಲ. ಮಗುವಿಗೆ 'ಹುಲಿ ತೋರಿಸ್ತೀನಿ' ಅಂತ ಮಾತು ಕೊಡದೇ ಇರುವುದು.

ನಾವು ಮೊದಲ ಸಲ ಹೋದಾಗ ಮಗಳಿಗೆ ನಾಲ್ಕು ವರ್ಷ. ವಾರವೆಲ್ಲ ಹುಲಿ, ಹುಲಿ ಅಂತ ಹೇಳಿ ಕರೆದುಕೊಂಡು ಹೋಗಿದ್ದೆವು. ಎರಡು ಸಫಾರಿ ಮುಗಿದರೂ ಹುಲಿ ಕಾಣಲಿಲ್ಲ. ಕಣ್ಣ ಮುಂದೆಯೇ ಜಿಂಕೆ ಹಿಂಡು, ಮರಿ ಆನೆ ಎಲ್ಲ ನೋಡಿದ ಮಗು ವಾಪಸ್ ಬರುವಾಗ 'ನಾವು ಏನೂ ನೋಡಲೇ ಇಲ್ಲ' ಅಂತ ಅತ್ತಳು. ಹಾಗೆ ಅನ್ನಿಸುವಂತೆ ಮಾಡಿದ್ದು ನಾವೇ. ಮುಂದಿನ ಸಲ ಮನೆಯಲ್ಲೇ ಕೂತು ಅವಳ ಜೊತೆ ಬೇರೆ ಪಟ್ಟಿ ಮಾಡಿದೆವು: ಆನೆ ಲದ್ದಿ, ಜಿಂಕೆ ಗೊರಸಿನ ಗುರುತು, ಹುತ್ತ, ಜೇಡರ ಬಲೆ, ನವಿಲು, ಕೆಂದಳಿಲು. ಒಂದೊಂದಕ್ಕೂ ಒಂದು ಚಿತ್ರ ಬರೆದು ಕೊಟ್ಟೆ, ಕಂಡಾಗ ಅವಳೇ ಟಿಕ್ ಹಾಕಬೇಕು. ಇವು ಹೆಚ್ಚುಕಮ್ಮಿ ಸಿಕ್ಕೇ ಸಿಗುತ್ತವೆ. ನೀವೂ ಇಂಥದ್ದೊಂದು ಪಟ್ಟಿ ಮಾಡಿಕೊಳ್ಳಿ.

ಇನ್ನು ಜಾಗ. ಚಿಕ್ಕ ಮಗು ಇದ್ದರೆ ಮೈಸೂರಿನಿಂದ ಎರಡು ಗಂಟೆ ಆಸುಪಾಸಿನ ದಾರಿ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಚಾಮರಾಜನಗರ ಜಿಲ್ಲೆಯೊಂದರಲ್ಲೇ ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮೂರೂ ಇವೆ. ಮೂರು ದಿನ ಇಟ್ಟುಕೊಳ್ಳಿ: ಎರಡು ರಾತ್ರಿ ಬಿಳಿಗಿರಿ ಬೆಟ್ಟದಲ್ಲಿ ಅಥವಾ ಅದೇ ಕಾಡಿನ ಕ್ಯಾತದೇವರಗುಡಿಯಲ್ಲಿ (ಕೆ.ಗುಡಿ), ಕೊನೆಯ ದಿನ ಗುಂಡ್ಲುಪೇಟೆ ಕಡೆ ಇಳಿದು ಗೋಪಾಲಸ್ವಾಮಿ ಬೆಟ್ಟ ನೋಡಿಕೊಂಡು ಮನೆಗೆ. ಬಂಡೀಪುರದಲ್ಲಿ ಸಫಾರಿ ಬೇಕೇ ಬೇಕು ಅನ್ನಿಸಿದರೆ ನಾಲ್ಕನೇ ದಿನ ಸೇರಿಸಿ, ಮೂರರಲ್ಲೇ ತುರುಕಬೇಡಿ. ದಿನಕ್ಕೊಂದು ಜಾಗ ಬದಲಿಸಿದರೆ ಮಗುವಿನ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟ ಮಗುವಿಗೆ ಆನೆಯೂ ಬೇಡ, ಅಪ್ಪನೂ ಬೇಡ.

ಯಾವಾಗ ಹೋಗಬೇಕು? ಬೇಸಿಗೆಯಲ್ಲಿ ಪ್ರಾಣಿಗಳು ನೀರಿನ ಹತ್ತಿರ ಬರುವುದರಿಂದ ಜಾಸ್ತಿ ಕಾಣುತ್ತವೆ, ನಿಜ. ಆದರೆ ಬಿಸಿಲು ಮಗುವನ್ನು ಸುಸ್ತು ಮಾಡುತ್ತದೆ, ಕಾಡ್ಗಿಚ್ಚಿನ ಭಯವೂ ಇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿದೆ. ನನ್ನ ಮಟ್ಟಿಗೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಹಸಿರು ಇರುತ್ತದೆ, ಮಳೆ ಕಾಟ ಕಡಿಮೆ. ಬೆಳಗಿನ ಚಳಿ ಮಾತ್ರ ಜೋರು. ಯಾವ ತಿಂಗಳಾದರೂ ಹೊರಡುವ ಹಿಂದಿನ ವಾರ ಸಫಾರಿ ನಡೆಯುತ್ತಿದೆಯಾ ಅಂತ ಫೋನ್ ಮಾಡಿ ಕೇಳಿ, ನಡುನಡುವೆ ನಿಲ್ಲಿಸುವುದುಂಟು. ಎಷ್ಟು ವರ್ಷದ ಮಗುವನ್ನು ಜೀಪಿಗೆ ಹತ್ತಿಸುತ್ತಾರೆ ಅಂತಲೂ ಆಗಲೇ ಕೇಳಿಬಿಡಿ. ಒಂದು ಕಡೆ ದುಡ್ಡೆಲ್ಲ ಕಟ್ಟಿಸಿಕೊಂಡು, ಬೆಳಗಿನ ಜಾವ ಐದೂವರೆಗೆ ಮಗುವನ್ನು ಎಬ್ಬಿಸಿ ತಂದ ಮೇಲೆ 'ಇಷ್ಟು ಚಿಕ್ಕವರನ್ನು ಬಿಡೋದಿಲ್ಲ' ಅಂದಿದ್ದರು. ಆ ಬೇಜಾರು ಇನ್ನೂ ಹೋಗಿಲ್ಲ.

ಚೀಲಕ್ಕೆ ಏನೇನು: ಸ್ವೆಟರ್, ಕಿವಿ ಮುಚ್ಚುವ ಟೋಪಿ, ಉದ್ದ ತೋಳಿನ ಅಂಗಿ, ಕಾಲುಚೀಲ, ಬೂಟು. ಬಣ್ಣ ಮಣ್ಣಿನದೋ ಎಲೆಯದೋ ಇರಲಿ. ಎರಡು ಜೊತೆ ಬಟ್ಟೆ ಕೈಗೆ ಸಿಗುವ ಹಾಗೆ ಮೇಲೇ ಇಡಿ, ಘಾಟಿಯಲ್ಲಿ ವಾಂತಿ ಆಗುವ ಮಕ್ಕಳೇ ಹೆಚ್ಚು. ಹೊಟ್ಟೆ ಬಿರಿಯೆ ತಿನ್ನಿಸಬೇಡಿ, ಖಾಲಿಯೂ ಬಿಡಬೇಡಿ, ಎರಡು ಇಡ್ಲಿ ಸಾಕು. ತಿರುವುಗಳಲ್ಲಿ ಮೊಬೈಲ್ ಕೊಡಲೇಬೇಡಿ. ಹಿಂದಿನ ಸೀಟಿನ ಮಧ್ಯದಲ್ಲಿ ಸ್ವಲ್ಪ ಎತ್ತರಕ್ಕೆ ಕೂರಿಸಿ, ಮುಂದಿನ ರಸ್ತೆ ಕಾಣುವಂತಿದ್ದರೆ ಅರ್ಧ ತೊಂದರೆ ಕಡಿಮೆ. ಮಾತ್ರೆ ಬೇಕಿದ್ದರೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ.

ಸಂಜೆ ಅರಣ್ಯದ ಗೇಟು ಹಾಕಿಬಿಡುತ್ತಾರೆ. ಯಳಂದೂರಿನ ಕಡೆಯಿಂದ ಬಂದರೂ, ಚಾಮರಾಜನಗರದಿಂದ ಕೆ.ಗುಡಿ ಮೇಲೆ ಬಂದರೂ ನಾಲ್ಕು ಗಂಟೆಯೊಳಗೆ ಬೆಟ್ಟ ಸೇರಿಕೊಳ್ಳಿ. ಬಂಡೀಪುರದ ಹೆದ್ದಾರಿಯಲ್ಲಂತೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಓಡಾಟವೇ ಬಂದ್, 2009ರಿಂದಲೂ. ಕಾಡಿನ ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ, ಇಳಿಯಬೇಡಿ. ಮಗುವಿಗೆ ಮೂತ್ರ ಬಂತು ಅಂದರೂ ಚೆಕ್‌ಪೋಸ್ಟ್‌ವರೆಗೆ ತಡೆಯಬೇಕು, ಅದಕ್ಕೇ ಹೊರಡುವ ಮುಂಚೆ ಕರೆದುಕೊಂಡು ಹೋಗಿ ಬನ್ನಿ.

ಮೊದಲ ದಿನ ಸಫಾರಿ ಇಟ್ಟುಕೊಳ್ಳಬೇಡಿ. ಸುಮ್ನೆ ಇರಿ. ಬೆಟ್ಟದ ಊರಿನೊಳಗಿನ ರಸ್ತೆಯಲ್ಲಿ ಬೆಳಕಿರುವಾಗ ಮಗುವಿನ ನಡಿಗೆಯಲ್ಲೇ ನಡೆಯಿರಿ. ನಾವು ಹಾಗೆ ಹೋಗುವಾಗ ರಸ್ತೆ ಬದಿಯ ಮಣ್ಣಿನಲ್ಲಿ ಒಂದು ಸಗಣಿ ಹುಳ ಕಂಡಿತು. ತನಗಿಂತ ದೊಡ್ಡ ಉಂಡೆ ಕಟ್ಟಿಕೊಂಡು, ತಲೆ ಕೆಳಗೆ ಮಾಡಿ ಹಿಂಗಾಲಿನಲ್ಲಿ ಒದ್ದು ಒದ್ದು ಹಿಂದಕ್ಕೆ ತಳ್ಳುತ್ತಿತ್ತು. ಒಂದು ಕಡ್ಡಿ ಅಡ್ಡ ಬಂತು. ಉಂಡೆ ಜಾರಿ ಕೆಳಗುರುಳಿತು. ಹುಳ ಇಳಿದು ಹೋಗಿ ಮತ್ತೆ ತಳ್ಳಿತು, ಮತ್ತೆ ಜಾರಿತು. ಮಗಳು ಕುಕ್ಕರಗಾಲಲ್ಲಿ ಕೂತು ಮುಕ್ಕಾಲು ಗಂಟೆ ಅಲ್ಲಿಂದ ಏಳಲಿಲ್ಲ. ಕಡ್ಡಿ ತೆಗೆಯಲಾ ಅಂತ ಕೇಳಿದಳು, ಬೇಡ ಅಂದೆ. ಕೊನೆಗೆ ಹುಳ ಸುತ್ತು ಹಾಕಿಕೊಂಡು ದಾಟಿತು. ಇಂಥ ಹೊತ್ತಲ್ಲಿ ಅವಸರ ಮಾಡಬೇಡಿ, ದೇವಸ್ಥಾನ ಮುಚ್ಚಿದರೆ ನಾಳೆ ನೋಡಿದರಾಯಿತು.

ಎರಡನೇ ದಿನ ಬೆಳಗ್ಗೆ ಸಫಾರಿ. ಚಿಕ್ಕವರಿಗೆ ಒಂದೇ ಸಾಕು. ಮಾತಾಡದೆ ಕೂರುವ ಆಟವನ್ನು ಮನೆಯಲ್ಲೇ ಐದೈದು ನಿಮಿಷ ಆಡಿಸಿ ಅಭ್ಯಾಸ ಮಾಡಿಸಿರಿ. ಕೈಸನ್ನೆ ಕಲಿಸಿ: ಮೂಗಿನ ಮುಂದೆ ತೋಳು ಇಳಿಬಿಟ್ಟರೆ ಆನೆ, ತಲೆ ಮೇಲೆ ಬೆರಳು ಅಗಲಿಸಿದರೆ ಜಿಂಕೆ. ಜೀಪಿನಲ್ಲಿ ಏನೂ ಕಾಣದ ಹೊತ್ತು ಬರುತ್ತದಲ್ಲ, ಆಗ ಪ್ರಾಣಿಗಳ ಕೂಗು ಕೇಳುತ್ತದಾ ಅಂತ ಕಿವಿಗೆ ಕೆಲಸ ಕೊಡಿ. ಮರದ ಮೇಲೆ ಕಪ್ಪು ಮುಖದ ಮುಸುವ ಇದ್ದರೆ ಕೆಳಗೆ ಜಿಂಕೆ ಇರುವುದು ಸಾಮಾನ್ಯ. ಮುಸುವ ತಿಂದು ಬೀಳಿಸಿದ ಎಲೆ, ಕಾಯಿ ಜಿಂಕೆಗೆ ಮೇವು. ಅದು ಮೇಲಿಂದ ದೂರ ನೋಡುತ್ತದೆ, ಜಿಂಕೆ ಕೆಳಗಿನ ವಾಸನೆ ಹಿಡಿಯುತ್ತದೆ. ಹುಲಿಯೋ ಚಿರತೆಯೋ ಬಂದರೆ ಯಾರಿಗೆ ಮೊದಲು ಗೊತ್ತಾಯಿತೋ ಅವರು ಕೂಗುತ್ತಾರೆ, ಇಬ್ಬರೂ ಉಳಿಯುತ್ತಾರೆ. ಇದನ್ನು ಹಿಂದಿನ ರಾತ್ರಿ ಕಥೆಯಾಗಿ ಹೇಳಿಟ್ಟರೆ ಬೆಳಗ್ಗೆ ಮಗು ತಾನೇ ಮೇಲೆ ಕೆಳಗೆ ಹುಡುಕುತ್ತದೆ.

ಅದೇ ದಿನ ಸಂಜೆ ಬಿಳಿಗಿರಿರಂಗನ ಗುಡಿ. ಬಿಳಿ ಬಂಡೆಯ ಅಂಚಿನಲ್ಲಿದೆ, ಗಾಳಿ ಜೋರು, ಮಗುವಿನ ಕೈ ಬಿಡಬೇಡಿ. ರಂಗಪ್ಪನ ದೊಡ್ಡ ಚರ್ಮದ ಚಪ್ಪಲಿ ತೋರಿಸಿ, ಇದನ್ನು ಹಾಕಿಕೊಂಡು ದೇವರು ರಾತ್ರಿ ಕಾಡೆಲ್ಲ ತಿರುಗುತ್ತಾನಂತೆ ಅಂತ ಹೇಳಿದರೆ ಸಾಕು. ಇಲ್ಲಿನ ಬುಡಕಟ್ಟಿನ ಜನ ಸೋಲಿಗರಿಗೆ ರಂಗಪ್ಪ ಬರೀ ದೇವರಲ್ಲ, ತಮ್ಮ ಹುಡುಗಿಯನ್ನು ಮದುವೆಯಾದ ಭಾವ. ಈ ಕಾಡನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಮಾಡಿದರು, ಸೋಲಿಗರು ಅದಕ್ಕಿಂತ ಎಷ್ಟೋ ಮೊದಲಿನಿಂದ ಇಲ್ಲೇ ಇದ್ದಾರೆ. ಇಲ್ಲಿ ಪ್ರಾಣಿಗಳ ಜೊತೆ ಜನರೂ ಬಾಳುತ್ತಾರೆ ಅನ್ನೋದು ಮಗುವಿಗೆ ಗೊತ್ತಾಗಬೇಕು ಅಲ್ವಾ? ಸೋಲಿಗರ ಪೋಡಿಗೆ, ಅಂದರೆ ಅವರ ಹಾಡಿಗೆ, ಸುಮ್ನೆ ನುಗ್ಗಿ ಫೋಟೊ ಹೊಡೆಯಬೇಡಿ. ಗುಡಿ ಹತ್ತಿರ ಕೋತಿಗಳಿಗೆ ಬಾಳೆಹಣ್ಣು ಕೊಡಿಸುವುದೂ ಬೇಡ, ರುಚಿ ಹತ್ತಿದ ಕೋತಿ ಮುಂದೆ ಬರುವ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ.

ಮೂರನೇ ದಿನ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್ ಎತ್ತರ. ಸ್ವಂತ ಗಾಡಿ ಕೆಳಗೇ ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹತ್ತಬೇಕು. ಬೆಳಗ್ಗೆಯೇ ಹೋಗಿ, ಮಂಜು ಸಿಗುತ್ತದೆ. ಕಾರಿಗಿಂತ ಆ ಬಸ್ಸೇ ಮಕ್ಕಳಿಗೆ ಇಷ್ಟ.

ಮನೆ ಮುಟ್ಟಿದ ತಕ್ಷಣ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ. ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ತೊಡೆಸಂದಿ, ತಲೆಗೂದಲು ಎಲ್ಲ ಕಡೆ ಉಣ್ಣೆ ಕಚ್ಚಿಕೊಂಡಿದೆಯಾ ನೋಡಿ. ಇದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಿರಿ, ಬೆಂಕಿ, ಎಣ್ಣೆ ಹಚ್ಚಬೇಡಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಿ. ನಾನು ಹೀಗೆ ಕೂದಲು ಬಿಡಿಸಿ ನೋಡುತ್ತಿರುವಾಗ ಮಗಳು ಕೇಳಿದಳು: 'ಅಮ್ಮಾ, ಆ ಹುಳ ಮನೆಗೆ ಹೋಯ್ತಾ?'