ಮಯೋನೀಸ್ ಬಿಡಿ, ಮೊಸರು ಕಟ್ಟಿ: ಬೇಸಿಗೆ ಪಿಕ್‌ನಿಕ್ಕಿಗೆ ಹಗುರ ಆಲೂ ಸಲಾಡ್

ಅಮೆರಿಕದವರ ಆಲೂ ಸಲಾಡ್ ಅಂದರೆ ಸಾಮಾನ್ಯವಾಗಿ ಮಯೋನೀಸೇ ಜಾಸ್ತಿ. ಅದರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಎಣ್ಣೆ, ಏಪ್ರಿಲ್ ಬಿಸಿಲಲ್ಲಿ ಅದನ್ನು ತಿಂದು ಮರದ ಕೆಳಗೆ ಕೂತರೆ ಮತ್ತೆ ಏಳೋಕೇ ಮನಸ್ಸಾಗಲ್ಲ. ಜರ್ಮನಿಯ ದಕ್ಷಿಣದವರು ಜಾಣರು. ಆಲೂ ಬಿಸಿಯಿರುವಾಗಲೇ ಸಾರು, ವಿನೆಗರ್ ಸುರಿದುಬಿಡುತ್ತಾರೆ. ಗುಟ್ಟು ಇರುವುದೇ ಅಲ್ಲಿ.

ಆರು ಜನಕ್ಕೆ 1 ಕೆಜಿ ಆಲೂಗಡ್ಡೆ ಸಾಕು. ಹಿಂದಿನ ರಾತ್ರಿಯೇ 2 ಕಪ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ಫ್ರಿಜ್ಜಿಗೆ ಸೇರಿಸಿ. ಕೆಳಗೆ ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟಿಗಾಗುತ್ತದೆ.

ಕುಕ್ಕರ್ ಮುಟ್ಟಬೇಡಿ, ಮಸಾಲೆ ದೋಸೆ ಪಲ್ಯ ಆಗಿಬಿಡುತ್ತದೆ! ಸಿಪ್ಪೆ ಸಮೇತ ದೊಡ್ಡ ಹೋಳು ಮಾಡಿ, ತಣ್ಣೀರಲ್ಲಿ ಹಾಕಿ, 1 ಚಮಚ ಉಪ್ಪು ಬೆರೆಸಿ ಒಲೆಗಿಡಿ. ಕುದಿ ಬಂದಮೇಲೆ 10–12 ನಿಮಿಷ. ಚಾಕು ಸಲೀಸಾಗಿ ಇಳಿಯಬೇಕು, ಆದರೆ ಹೋಳು ಒಡೆಯಬಾರದು. ನೀರು ಬಸಿದು ಅದೇ ಬಿಸಿ ಪಾತ್ರೆಯಲ್ಲಿ ಒಂದು ನಿಮಿಷ ಅಲ್ಲಾಡಿಸಿದರೆ ಅಂಚುಗಳು ಒಣಗಿ ಹಿಟ್ಟುಹಿಟ್ಟಾಗುತ್ತವೆ. ತಕ್ಷಣ ಅಗಲದ ತಟ್ಟೆಗೆ ಹರಡಿ, 2 ನಿಂಬೆಹಣ್ಣಿನ ರಸ, ಉಪ್ಪು, ಕುಟ್ಟಿದ ಮೆಣಸು ಹಾಕಿ. ಬಿಸಿ ಆಲೂ ಹುಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಮೊಸರು ಜಾಸ್ತಿ ಬೇಕಾಗಲ್ಲ.

ಇನ್ನು ಕಾಯಿರಿ. ಪೂರ್ತಿ ಆರಲಿ. ಬಲಮುರಿಗೆ ಹೊರಟ ಒಂದು ಬೆಳಿಗ್ಗೆ ನಾನು ಅವಸರದಲ್ಲಿ ಬಿಸಿ ಆಲೂಗೇ ಮೊಸರು ಕಲಸಿದೆ. ಅದು ಒಡೆದು, ಡಬ್ಬಿಯಿಂದ ಸೋರಿ, ಕಾರಿನ ಸೀಟೆಲ್ಲ ಒಂದು ವಾರ ಹುಳಿ ವಾಸನೆ.

ಸೌತೆಕಾಯಿಯ ನಡುವಿನ ಬೀಜದ ತಿರುಳು ತೆಗೆದು, ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ. ಇದು, ಈರುಳ್ಳಿ, ಪುದೀನ, ಹಸಿಮೆಣಸಿನಕಾಯಿ, 1 ಚಮಚ ಎಣ್ಣೆ, ಎಲ್ಲವನ್ನೂ ಕಟ್ಟಿದ ಮೊಸರಿಗೆ ಸೇರಿಸಿ ಆಲೂ ಜೊತೆ ಮೆಲ್ಲಗೆ ಕಲಸಿ. ಸಾಸಿವೆ ಒಗ್ಗರಣೆ ಕೊಡುವ ಆಸೆ ನನಗೂ ಆಗುತ್ತದೆ. ಕೊಟ್ಟರೆ ನಮ್ಮತ್ತೆ 'ಇದು ಮೊಸರುಬಜ್ಜಿ ಅಲ್ವಾ?' ಅನ್ನುತ್ತಾರೆ, ಉತ್ತರ ಹೇಳೋಕೆ ಬರಲ್ಲ.

ಡಬ್ಬಿಯನ್ನು ಫ್ರಿಜ್ಜಲ್ಲಿ ಚೆನ್ನಾಗಿ ತಣಿಸಿ, ಐಸ್ ಕಟ್ಟಿದ ಎರಡು ನೀರಿನ ಬಾಟಲಿಗಳ ನಡುವೆ ಇಟ್ಟು ಒಯ್ಯಿರಿ. ಹೊರಗೆ ತೆಗೆದಿಟ್ಟ ಮೇಲೆ, 32 ಡಿಗ್ರಿ ದಾಟಿದ ಬಿಸಿಲಾದರೆ ಒಂದು ಗಂಟೆಯೊಳಗೆ ಖಾಲಿ ಮಾಡಿ. ಉಳಿದರೆ ಮನೆಗೆ ತರಬೇಡಿ.