ಆಪಲ್ ಕ್ರಂಬಲ್ ತಳದಲ್ಲಿ ನೀರಾಗುವುದು ತಪ್ಪಿದ್ದು ಹೀಗೆ

ಸೇಬಿನ ಹೋಳುಗಳ ಮೇಲೆ ಮೈದಾ, ಸಕ್ಕರೆ, ಬೆಣ್ಣೆಯ ಪುಡಿ ಉದುರಿಸಿ ಓವನ್‌ನಲ್ಲಿ ಬೇಯಿಸುವ ಸಿಹಿಯೇ ಆಪಲ್ ಕ್ರಂಬಲ್. ನಾನು ಮಾಡಿದಾಗಲೆಲ್ಲ ಮೇಲೆ ಚೆನ್ನಾಗಿ ಕೆಂಪಗಾಗಿರುತ್ತಿತ್ತು, ಚಮಚ ಇಳಿಸಿದರೆ ತಳದಲ್ಲಿ ಬರೀ ನೀರು. ಬಡಿಸುವಷ್ಟರಲ್ಲಿ ಮೇಲಿನ ಪುಡಿಯೂ ಮೆತ್ತಗಾಗಿಬಿಡುತ್ತಿತ್ತು. ಓವನ್ ಶಾಖ ಹೆಚ್ಚಿಸಿದರೆ ಮೇಲ್ಭಾಗ ಸೀದಿತೇ ಹೊರತು ನೀರು ಕಡಿಮೆಯಾಗಲಿಲ್ಲ.

ಕಾರಣ ಹಣ್ಣಿನಲ್ಲೇ ಇದೆ. ಸೇಬಿನ ತೂಕದಲ್ಲಿ ಸುಮಾರು ಶೇ. 85 ನೀರು; ಸಕ್ಕರೆ ಬಿದ್ದೊಡನೆ ಅದು ಹೊರಬರುತ್ತದೆ. ಹಾಗಾದರೆ ಓವನ್‌ಗೆ ಹೋಗುವ ಮೊದಲೇ ಬರಲಿ ಎಂದುಕೊಂಡೆ.

600 ಗ್ರಾಂ ಸೇಬಿನ ಹೋಳುಗಳಿಗೆ 60 ಗ್ರಾಂ ಸಕ್ಕರೆ, ಒಂದು ಚಮಚ ನಿಂಬೆರಸ ಬೆರೆಸಿ ಅರ್ಧ ಗಂಟೆ ಬಿಟ್ಟೆ. ಇಳಿದ ರಸವನ್ನು ಬಸಿದು, ಸಣ್ಣ ಪಾತ್ರೆಯಲ್ಲಿ ಪಾಕದ ಹಾಗೆ ಅಂಟುವವರೆಗೆ ಕುದಿಸಿ, ಮತ್ತೆ ಹೋಳುಗಳಿಗೇ ಸುರಿದೆ. ರಸ ಚೆಲ್ಲಬೇಡಿ, ಸೇಬಿನ ಪರಿಮಳವೆಲ್ಲ ಅದರಲ್ಲೇ ಇರುತ್ತದೆ! ಕೊನೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಬೆರೆಸಿದೆ.

ಮೇಲಿನ ಪುಡಿಗೆ 120 ಗ್ರಾಂ ಮೈದಾ, 60 ಗ್ರಾಂ ಸಕ್ಕರೆ, 75 ಗ್ರಾಂ ಬೆಣ್ಣೆ. ಬೆಣ್ಣೆ ಫ್ರಿಜ್‌ನಿಂದ ಆಗತಾನೇ ತೆಗೆದದ್ದಾಗಿರಬೇಕು. ಬೆರಳ ತುದಿಯಲ್ಲಿ ಉಜ್ಜಿ, ಹೋಳುಗಳ ಮೇಲೆ ಉದುರಿಸಿ, ಒತ್ತದೆ ಹಾಗೇ ಬಿಡಬೇಕು. ಒತ್ತಿದರೆ ಹಬೆ ಹೊರಹೋಗಲು ದಾರಿಯಿರುವುದಿಲ್ಲ.

190 ಡಿಗ್ರಿ ಸೆಲ್ಸಿಯಸ್‌ನಲ್ಲಿ 35ರಿಂದ 40 ನಿಮಿಷ. ಬಣ್ಣವೊಂದನ್ನೇ ನೋಡಿ ಹೊರತೆಗೆಯಬೇಡಿ. ಅಂಚಿನಲ್ಲಿ ರಸ ದಪ್ಪ ಗುಳ್ಳೆಗಳಾಗಿ ಕುದಿಯಬೇಕು, ಆಗಲೇ ಕಾರ್ನ್‌ಫ್ಲೋರ್ ಗಟ್ಟಿಯಾಗುವುದು. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಹೊದಿಸಿ.

ಹೊರತೆಗೆದ ಮೇಲೆ 20 ನಿಮಿಷ ಮುಟ್ಟದಿದ್ದರೆ ರಸ ಹೋಳುಗಳಿಗೆ ಅಂಟಿಕೊಳ್ಳುತ್ತದೆ. ಪೇರ್ (pear) ಹಣ್ಣಿಗೂ ಇದೇ ಕ್ರಮ ಸರಿಹೋಯಿತು, ಆದರೆ ತುಂಬಾ ಮಾಗಿದ್ದು ಬೇಡ, ಕರಗಿಹೋಗುತ್ತದೆ.