ಆಕಾಶ ನೋಡುವ ಬೇರು

ನಮ್ಮ ಮಲೆನಾಡಿನ ಮನೆಯ ಹಲಸಿನ ಮರದಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಇತ್ತು. ಅದಕ್ಕೆ ಯಾರೂ ನೀರು ಹಾಕಿದವರಲ್ಲ, ಮಳೆಗಾಲ ಬಂದರೆ ತಾನೇ ಹೂ ಬಿಡುತ್ತಿತ್ತು. ಅದನ್ನು ನೋಡಿಕೊಂಡೇ ಬೆಳೆದ ನಾನು, ಕೆಲಸಕ್ಕೆಂದು ಜಾಂಬಿಯಾದ ಲುಸಾಕಾಕ್ಕೆ ಬಂದ ಮೇಲೆ ಆರ್ಕಿಡ್ ಒಂದನ್ನು ಕುಂಡದಲ್ಲಿಟ್ಟು ದಿನಾ ನೀರು ಹುಯ್ದೆ. ಬುದ್ಧಿ ಅಂದರೆ ಇದು ಅಲ್ವಾ!

ನರ್ಸರಿಯಿಂದ ತಂದಿದ್ದು ಚಿರತೆ ಆರ್ಕಿಡ್, ಆನ್ಸೆಲಿಯಾ ಆಫ್ರಿಕಾನಾ. ಕಬ್ಬಿನ ಜಲ್ಲೆಯಂತೆ ಗೆಣ್ಣು ಗೆಣ್ಣಾದ ಕಾಂಡ, ಮೇಲ್ಭಾಗದಲ್ಲಿ ಒಂದಿಷ್ಟು ಎಲೆ. ನೀರು ಕೂಡಿಡುವುದು ಆ ಕಾಂಡದಲ್ಲೇ. ಸ್ವಲ್ಪ ದಿನಕ್ಕೆ ಬುಡದ ಸುತ್ತ ಬಿಳಿ ಸೂಜಿಗಳಂಥ ಬೇರುಗಳು ಎದ್ದವು. ಕೆಳಗಲ್ಲ, ನೆಟ್ಟಗೆ ಮೇಲಕ್ಕೆ! ಏನೋ ಎಡವಟ್ಟಾಗಿದೆ ಎಂದು ಕತ್ತರಿ ತಂದು ಎಲ್ಲ ಕತ್ತರಿಸಿದೆ. ಜೂನ್‌ ಇಲ್ಲಿ ಚಳಿಗಾಲ, ಆಗಲೂ ನೀರು ನಿಲ್ಲಿಸಲಿಲ್ಲ. ಐದು ಕಾಂಡಗಳಲ್ಲಿ ಮೂರು ಬುಡದಿಂದ ಕಪ್ಪಾಗಿ ಕೊಳೆತವು.

ಆಮೇಲೆ ಜಾಂಬೆಜಿ ಕಣಿವೆಗೆ ಹೋದಾಗ ಮರದ ಕವಲಿನಲ್ಲಿ ಇದೇ ಗಿಡ ಕಂಡಿತು. ಬಿಳಿ ಸೂಜಿಗಳ ದೊಡ್ಡ ಬುಟ್ಟಿ, ಅದರ ತುಂಬ ಒಣಗಿದ ತರಗೆಲೆ, ತೊಗಟೆ ಚೂರು. ಮೇಲಿಂದ ಉದುರಿದ್ದನ್ನೆಲ್ಲ ಬೇರುಗಳು ಹಿಡಿದಿಟ್ಟುಕೊಳ್ಳುತ್ತವೆ. ಅಲ್ಲೇ ಕೊಳೆತು ಅದು ಗೊಬ್ಬರವಾಗುತ್ತದೆ. ಮರವನ್ನು ತಬ್ಬಿ ಹಿಡಿಯುವ ಬೇರುಗಳು ಬೇರೆಯೇ. ಬದನಿಕೆಯ ಹಾಗೆ ಮರದ ರಸ ಹೀರುವ ಜಾತಿ ಅಲ್ಲವೇ ಅಲ್ಲ. ನಾನು ಕತ್ತರಿಸಿ ಬಿಸಾಕಿದ್ದು ಅದರ ಊಟದ ತಟ್ಟೆ.

ಉಳಿದ ಎರಡು ಕಾಂಡಗಳನ್ನು ಒರಟು ತೊಗಟೆಯ ತುಂಡೊಂದಕ್ಕೆ ಸೆಣಬಿನ ದಾರದಲ್ಲಿ ಕಟ್ಟಿ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಮಾವಿನ ಕೊಂಬೆಗೆ ತೂಗುಹಾಕಿದೆ. ಇಲ್ಲಿ ಮಳೆ ನವೆಂಬರಿನಿಂದ. ಆಗ ಮಳೆಯೇ ಸಾಕು. ಮೇನಿಂದ ಆಗಸ್ಟ್‌ವರೆಗೆ ಅಪರೂಪಕ್ಕೊಮ್ಮೆ ಸುಮ್ನೆ ನೀರು ಚಿಮುಕಿಸುತ್ತೇನೆ, ಅಷ್ಟೇ. ಸೂಜಿ ಬೇರುಗಳು ಮತ್ತೆ ಬಂದವು. ಮುಟ್ಟಲಿಲ್ಲ.

ಮೂರನೇ ವರ್ಷ ಸೆಪ್ಟೆಂಬರಿನಲ್ಲಿ ಕಾಂಡದ ತುದಿಯಿಂದ ಕವಲೊಡೆದ ಹೂಗೊಂಚಲು ಬಂತು. ಎಣಿಸಿದೆ, 23 ಹೂ. ಹಳದಿ ಎಸಳುಗಳ ಮೇಲೆ ಕಂದು ಚುಕ್ಕೆ, ನಡುವಿನ ತುಟಿ ಮಾತ್ರ ಅಚ್ಚ ಹಳದಿ. ಚುಕ್ಕೆ ಒಂದೊಂದು ಗಿಡದಲ್ಲಿ ಒಂದೊಂದು ತರಹ, ಕೆಲವಕ್ಕೆ ಇಲ್ಲವೇ ಇಲ್ಲ. ಹಿಂದೆ ಹೀಗಾಗಿಯೇ ಇದನ್ನು ಹಲವು ಜಾತಿ ಅಂದುಕೊಂಡು ಬೇರೆ ಬೇರೆ ಹೆಸರಿಟ್ಟಿದ್ದರಂತೆ. ಈಗ ಎಲ್ಲ ಸೇರಿ ಒಂದೇ. ಆನ್ಸೆಲಿಯಾ ಎಂಬುದು 1841ರಲ್ಲಿ ಪಶ್ಚಿಮ ಆಫ್ರಿಕಾದ ಫರ್ನಾಂಡೋ ಪೋ (ಈಗಿನ ಬಿಯೋಕೊ) ದ್ವೀಪದಲ್ಲಿ ಇದನ್ನು ಸಂಗ್ರಹಿಸಿದ ಜಾನ್ ಆನ್ಸೆಲ್ ಎಂಬ ತೋಟಗಾರನ ಹೆಸರು.

ಕಾಡಿನಿಂದ ಕಿತ್ತು ತಂದ ಗೊಂಚಲು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಹೀಗೆ ಕಿತ್ತೇ ಎಷ್ಟೋ ಕಡೆ ಇದು ಕಡಿಮೆಯಾಗಿದೆ. ನನ್ನ ಗಿಡದಲ್ಲಿ ಈಗ ಏಳು ಕಾಂಡಗಳಿವೆ. ಬುಟ್ಟಿಯ ತುಂಬ ಮಾವಿನ ತರಗೆಲೆ.